ವಿಮಾನದ ಕೆಂಪು ದೀಪ ಬದಲಿಸಿದ ದಿನ

ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕರೆಂಟಿನ ಕೆಲಸ ಮಾಡುವವನಿಗೆ ಇಂಥ ನಂಬಿಕೆ ಕಡಿಮೆ ಇರುವುದೇ ಒಳ್ಳೆಯದು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಟೆಸ್ಟರ್ ಹೇಳುತ್ತದೆ. ಅದರಾಚೆ ನಾನು ಯಾರನ್ನೂ ಕೇಳಿದವನಲ್ಲ. ನಮ್ಮೂರು ಸಗರದ ಓಣಿಯಲ್ಲಿ ಯಾರದೋ ಮೈಮೇಲೆ ಬಂತೆಂದು ಜನ ಸೇರಿದರೆ, ನನಗೆ ನಗು ಬರುತ್ತಿತ್ತು. ಹೆಚ್ಚು ಕಡಿಮೆ ಈಗಲೂ ಹಾಗೇ ಇದ್ದೇನೆ. ಆದರೆ ಒಂದು ಮಧ್ಯಾಹ್ನ ನಡೆದದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದಕ್ಕೆ ಬಣ್ಣ ಹಚ್ಚುವ ಶಕ್ತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮ ಕಡೆ ಕಾಲುವೆಗೆ ನೀರು ಬಂದು ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಜೋಳ, ತೊಗರಿ ಬಿಟ್ಟು ಬೇರೇನೂ ಕಾಣದ ಎರೆಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಭತ್ತದ ಮಡಿ ಕಾಣಿಸಿಕೊಂಡಿತ್ತು. ನಾನು ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಜೀಪು, ಲಾರಿ, ಪಂಪುಗಳ ವೈರಿಂಗ್ ನನ್ನ ಪಾಲಿನ ಕೆಲಸ. ನನ್ನ ಅಣ್ಣ ಅದೇ ಕಾಲುವೆಯ ಒಂದು ಗೇಟಿನ ಮೇಲೆ ಇದ್ದ. ಗೇಟು ಎತ್ತುವುದು, ಇಳಿಸುವುದು, ನೀರಿನಲ್ಲಿ ತೇಲಿ ಬಂದ ಕಸ ತೆಗೆಯುವುದು ಅವನ ನೌಕರಿ.

ಆ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಅಣ್ಣ ತೀರಿಕೊಂಡ. ಗೇಟಿಗೆ ಅಡ್ಡ ಬಿದ್ದ ಜಾಲಿಯ ಟೊಂಗೆ ಎಳೆಯಲು ಹೋಗಿ ಕಾಲು ಜಾರಿದ. ಈಜು ಬರದವನಲ್ಲ. ಆದರೆ ಕಾಲುವೆಯ ಸಿಮೆಂಟಿನ ಇಳಿಜಾರಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ದೇಹ ಮುಂದಿನ ಗೇಟಿನಲ್ಲಿ ಸಿಕ್ಕಿತು. ಮೇಲೆತ್ತಿದವರಲ್ಲಿ ನಾನೂ ಒಬ್ಬ.

ಮಣ್ಣು ಮುಗಿಸಿ ಮನೆಗೆ ಬಂದಾಗಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕರೆಂಟು ಹೊಡೆದ ಕೈ ಸ್ವಲ್ಪ ಹೊತ್ತು ನಮ್ಮದಲ್ಲ ಅನ್ನಿಸುತ್ತದಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಅವ್ವ ಎದೆ ಬಡಿದುಕೊಂಡು ಅತ್ತಳು. ವೈನಿ, ಅಂದರೆ ಅಣ್ಣನ ಹೆಂಡತಿ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ನಸುಕಿನಲ್ಲಿ ಎದ್ದು ಅಂಗಳ ಬಳಿಯುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಬಡಿದ ರೊಟ್ಟಿಯನ್ನು ನಮಗೆ ಹಾಕಿ ತಾನು ಗೋಡೆಗೆ ಒರಗಿ ಕೂರುತ್ತಿದ್ದಳು. ಒಂದೇ ಮನೆಯಲ್ಲಿ ನಾವಿಬ್ಬರೂ ಎರಡು ಕಂಬಗಳ ಹಾಗೆ ಇದ್ದೆವು. ನಾನು ಬೇಗನೆ ಕೆಲಸಕ್ಕೆ ಹೋಗತೊಡಗಿದೆ. ಅಲ್ಲಿ ಕೈಗೆ ಕೆಲಸವಾದರೂ ಇತ್ತು.

ಅಷ್ಟರಲ್ಲಿ ಕ್ಯಾಂಪಿಗೆ ಆ ವಿಮಾನ ಬಂತು. ಮೇಲಿನಿಂದ ಕಾಲುವೆ, ಹೊಲಗಳ ಫೋಟೋ ತೆಗೆಯಲು ತರಿಸಿದ ಸಣ್ಣ ವಿಮಾನ. ಕ್ಯಾಂಪಿನಾಚೆ ಮರಡಿ ದಿಬ್ಬದ ಮೇಲೆ ಮುರಂ ಮಣ್ಣು ಹಾಕಿ ಅದು ಇಳಿಯಲು ಬಯಲು ಮಾಡಿದ್ದರು. ಮೊದಲ ದಿನ ಸುರಪುರ, ವಡಗೇರಾ ಕಡೆಯಿಂದಲೂ ಜನ ನೋಡಲು ಬಂದರು. ನಾನು ಹೋಗಲಿಲ್ಲ. ಒಂದು ದಿನ ಅದರ ಇಂಜಿನಿಯರೇ ನನ್ನನ್ನು ಹುಡುಕಿಕೊಂಡು ವರ್ಕ್‌ಶಾಪಿಗೆ ಬಂದರು.

ಅವರ ಹೆಸರು ವೆಂಕಟರಾವ್. ಹೈದರಾಬಾದಿನವರು, ಐವತ್ತು ದಾಟಿದ ಭಾರೀ ಆಳು. ಮನೆಮಾತು ತೆಲುಗು, ನಮ್ಮೊಂದಿಗೆ ಹೈದರಾಬಾದಿ ಹಿಂದಿ. ಕನ್ನಡದಲ್ಲಿ ‘ಚಹಾ’, ‘ನೀರು’ ಬಿಟ್ಟರೆ ಮೂರನೆಯ ಶಬ್ದ ಬರುತ್ತಿರಲಿಲ್ಲ. ವಿಮಾನದ ಬಾಲದ ತುದಿಯಲ್ಲಿರುವ ಕೆಂಪು ಬೀಕನ್ ದೀಪ ಕೆಟ್ಟಿದೆ, ಹೊಸದು ತರಿಸಿದ್ದೇನೆ, ಮೊಣಕಾಲು ನೋವಿನಿಂದ ಏಣಿ ಹತ್ತಲಾಗುತ್ತಿಲ್ಲ, ನೀನು ಹತ್ತು, ನಾನು ಕೆಳಗೆ ನಿಂತು ಹೇಳುತ್ತೇನೆ, ಕೊನೆಗೆ ನಾನೇ ತಪಾಸಣೆ ಮಾಡುತ್ತೇನೆ ಎಂದರು. ಆ ದೀಪ ಹೊತ್ತದೆ ವಿಮಾನ ಹಾರಿಸುವ ಹಾಗಿಲ್ಲವಂತೆ. ಬೇರೆಯವರಿಗೆ ತನ್ನ ಇರವು ತಿಳಿಸುವ ದೀಪ ಅದು. ನಾನು ಪಾನಾ, ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದೆ ನಡೆದೆ.

ಬಯಲಿನಲ್ಲಿ ಒಂದು ತಗಡಿನ ಶೆಡ್ಡು, ಒಂದು ಬೇವಿನ ಗಿಡ, ಎಣ್ಣೆಯ ಕೆಲವು ಡ್ರಮ್ಮು. ಬೇರೆ ಏನೂ ಇಲ್ಲ. ಬಿಸಿಲಿನಲ್ಲಿ ನೋಡಿದರೆ ದೂರದ ಶಹಾಪುರದ ಗುಡ್ಡದವರೆಗೂ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಕಾವಲುಗಾರ ಊಟಕ್ಕೆಂದು ಕ್ಯಾಂಪಿಗೆ ಹೋಗಿದ್ದ. ವಿಮಾನದ ರೆಕ್ಕೆಗಳನ್ನೂ ಬಾಲವನ್ನೂ ಹಗ್ಗದಿಂದ ನೆಲದ ಕಬ್ಬಿಣದ ಗೂಟಗಳಿಗೆ ಕಟ್ಟುತ್ತಿದ್ದರು. ಬೆಳಿಗ್ಗೆ ಏನೋ ಕೆಲಸಕ್ಕೆಂದು ಒಂದು ಬದಿಯ ಹಗ್ಗ, ಬಾಲದ ಹಗ್ಗ ಬಿಚ್ಚಿದ್ದು ಹಾಗೇ ಇತ್ತು. ಗಾಳಿ ಒಂಚೂರೂ ಇರಲಿಲ್ಲ.

ವೆಂಕಟರಾವ್ ಬ್ಯಾಟರಿಯ ತಂತಿ ಬಿಚ್ಚಿಟ್ಟರು. ನಾನು ಏಣಿ ಹತ್ತಿದೆ. ಸುತ್ತಲಿನ ಸ್ಕ್ರೂ ಬಿಚ್ಚಿ ಕೆಂಪು ಗಾಜನ್ನು ಎತ್ತಿ ಕೆಳಗೆ ಕೊಟ್ಟೆ. ಅದರಡಿಯ ರಬ್ಬರು ಬಿಸಿಲಿಗೆ ಒಣಗಿ ಹಪ್ಪಳದಂತೆ ಮುರಿಯಿತು. ಅಲ್ಲಿಂದ ಮಳೆನೀರು ಇಳಿದು ಒಳಗಿನ ತಂತಿಗೆ ಕಿಲುಬು ಹತ್ತಿತ್ತು. ಹಳೆಯ ದೀಪ ಬಿಚ್ಚಿದೆ, ತಂತಿಯ ತುದಿ ಉಜ್ಜಿ ಬೆಳ್ಳಗೆ ಮಾಡಿದೆ, ಹೊಸದನ್ನು ಕೂಡಿಸಿದೆ. ವೆಂಕಟರಾವ್ ಕೆಳಗಿನಿಂದಲೇ ಒಂದೊಂದನ್ನೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಬಿಚ್ಚಿದ ಕೆಂಪು ಗಾಜು ಒರೆಸಲೆಂದು ಬೇವಿನ ಗಿಡದ ನೆರಳಿಗೆ ಹೋಗಿ ಕೂತರು. ನಾನು ಬಾಯಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡು ಇನ್ನೊಂದನ್ನು ತಿರುಗಿಸುತ್ತಿದ್ದೆ.

ಆಗ ಹಿಂದಿನಿಂದ ಅಣ್ಣನ ದನಿ ಕೇಳಿತು.

“ಏ ಚಿಗಳ್ಯಾ, ಕೆಳಗ ಇಳಿ.”

ಸಣ್ಣವನಿದ್ದಾಗ ಅವ್ವ ಪಂಚಮಿಗೆ ಕಟ್ಟಿಟ್ಟ ಎಳ್ಳಿನ ಚಿಗಳಿ ಉಂಡೆಯನ್ನೆಲ್ಲ ನಾನು ಕದ್ದು ತಿಂದಿದ್ದೆನಂತೆ. ಅಂದಿನಿಂದ ಅಣ್ಣ ನನಗೆ ಇಟ್ಟ ಹೆಸರು ಅದು. ಅವನನ್ನು ಬಿಟ್ಟರೆ ಬೇರೆ ಯಾರೂ, ಅವ್ವ ಕೂಡ, ನನ್ನನ್ನು ಹಾಗೆ ಕರೆದದ್ದಿಲ್ಲ. ದನಿ ಜೋರಾಗಿರಲಿಲ್ಲ. ಗಾಬರಿಯೂ ಇರಲಿಲ್ಲ. ಊಟಕ್ಕೆ ಎಬ್ಬಿಸುವಾಗ ಹೇಗೆ ಕರೆಯುತ್ತಿದ್ದನೋ ಹಾಗೇ ಇತ್ತು.

ನಾನು ಇಳಿದೆ. ಅಣ್ಣ ಇಳಿ ಅಂದರೆ ಇಳಿಯುವುದು ಮೊದಲಿನಿಂದ ರೂಢಿ. ಬಾಯಲ್ಲಿದ್ದ ಸ್ಕ್ರೂ ಅಂಗೈಗೆ ಉಗುಳಿಕೊಂಡು, ಮೆಟ್ಟಿಲು ಮೆಟ್ಟಿಲು ಇಳಿದು ನೆಲಕ್ಕೆ ಕಾಲಿಟ್ಟಾಗ ಅಣ್ಣ ಸತ್ತಿದ್ದಾನೆ ಎನ್ನುವುದು ನೆನಪಾಯಿತು. ಆಗಲೂ ಏನೂ ಅನ್ನಿಸಲಿಲ್ಲ. ಬೇವಿನ ಗಿಡದ ಕಡೆ ನಡೆದೆ. ವೆಂಕಟರಾವ್ ಎದ್ದು ನಿಂತಿದ್ದರು. ನೋಟ ನನ್ನ ಮೇಲಿರಲಿಲ್ಲ, ನನ್ನ ಹಿಂದೆ ವಿಮಾನದ ಕಡೆಗಿತ್ತು.

ನಾನು ನೆರಳಿಗೆ ಬಂದು ಮುಟ್ಟುವುದಕ್ಕೂ ಸುಳಿಗಾಳಿ ಏಳುವುದಕ್ಕೂ ಸರಿಹೋಯಿತು. ಬೇಸಿಗೆಯಲ್ಲಿ ನಮ್ಮ ಎರೆಭೂಮಿಯಲ್ಲಿ ಏಳುತ್ತದಲ್ಲ, ಅಂಥದೇ, ಆದರೆ ದೊಡ್ಡದು. ಮಣ್ಣಿನ ಕಂಬವೊಂದು ಡ್ರಮ್ಮುಗಳನ್ನು ಉರುಳಿಸುತ್ತಾ ಬಂದು ವಿಮಾನವನ್ನು ಹಿಡಿಯಿತು. ಹಗ್ಗವಿಲ್ಲದ ಕಡೆಯ ರೆಕ್ಕೆ ಮೇಲೆದ್ದಿತು. ಬಾಲ ಗರ್ರನೆ ಒಂದು ಕಡೆ ತಿರುಗಿ ಏಣಿಗೆ ಬಡಿಯಿತು. ಏಣಿ ನಡುವೆ ಮುರಿದು ಬಾಲದಡಿಯ ಕಬ್ಬಿಣದ ಗೂಟದ ಮೇಲೆ ಬಿತ್ತು. ಕಣ್ಣಿನ ಮಣ್ಣು ಒರೆಸಿಕೊಂಡು ನೋಡಿದಾಗ ಗಾಳಿ ಎತ್ತಲೋ ಹೋಗಿತ್ತು. ವಿಮಾನ ಅಡ್ಡ ನಿಂತಿತ್ತು.

ನಾವಿಬ್ಬರೂ ಓಡಿಹೋಗಿ ಮೊದಲು ಹಗ್ಗ ಕಟ್ಟಿದೆವು. ಆಮೇಲೆ ವೆಂಕಟರಾವ್ ಮುರಿದ ಏಣಿಯನ್ನು ನೋಡಿದರು, ನನ್ನನ್ನು ನೋಡಿದರು. ವಿಮಾನವನ್ನು ಒಂದು ಸುತ್ತು ಹಾಕಿದರು. ಶೆಡ್ಡಿನೊಳಗೆ ಇಣುಕಿದರು, ಡ್ರಮ್ಮುಗಳ ಹಿಂದೆ ನೋಡಿದರು. ಏನು ಹುಡುಕುತ್ತಿದ್ದಾರೆಂದು ನಾನು ಕೇಳಲಿಲ್ಲ. ವಾಪಸು ಬಂದು ಹಿಂದಿಯಲ್ಲಿ ಅವರೇ ಕೇಳಿದರು.

“ವೋ ಆದ್ಮೀ ಕಿಧರ್ ಗಯಾ?”

“ಎತ್ತ ಹೋದ ಅಂದರೆ, ಯಾವ ಮನುಷ್ಯ?” ಎಂದು ನಾನೂ ಹಿಂದಿಯಲ್ಲೇ ಕೇಳಿದೆ.

ಅವನು ಯಾರೆಂದು ತಮಗೆ ಕಾಣಲಿಲ್ಲ, ದನಿ ಮಾತ್ರ ವಿಮಾನದ ಆಚೆ ಮಗ್ಗುಲಿನಿಂದ ಬಂತು, ಅದಕ್ಕೇ ಎದ್ದು ನಿಂತದ್ದು ಎಂದರು. ಆಮೇಲೆ ಕೇಳಿದ ಮಾತನ್ನು ಒಂದೇ ಶಬ್ದದಂತೆ, ಅರ್ಥವಾಗದ ಪಾಠ ಒಪ್ಪಿಸುವವರಂತೆ ಹೇಳಿದರು: “ಚಿಗಳ್ಯಾಕೆಳಗಿಳಿ. ಇಸ್‌ಕಾ ಮತ್ಲಬ್ ಕ್ಯಾ ಹೈ?”

ಅದರ ಅರ್ಥ ಹೇಳಿದೆ. ಚಿಗಳ್ಯಾ ಯಾರೆಂದೂ ಹೇಳಿದೆ. ಕರೆದವನು ಯಾರು ಎಂದು ಅವರು ಕೇಳಿದಾಗ ಅದನ್ನೂ ಹೇಳಿದೆ. ಅವರು ಬೇವಿನ ಗಿಡದ ಬೊಡ್ಡೆಗೆ ಒರಗಿ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಣ್ಣನನ್ನು ಒಮ್ಮೆಯೂ ನೋಡದ ಮನುಷ್ಯ. ನಾನು ಪಕ್ಕದಲ್ಲಿ ನಿಂತು, ಅವರ ಅಳು ನಿಲ್ಲಲಿ ಎಂದು ಕಾಯುತ್ತಿದ್ದೆ.

ಬಾಲಕ್ಕೆ ಪೆಟ್ಟಾಗಿಲ್ಲ ಎಂದು ಅವರು ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡರು. ಕೆಲಸ ಅರ್ಧಕ್ಕೆ ಬಿಡುವಂತಿರಲಿಲ್ಲ. ವರ್ಕ್‌ಶಾಪಿನಿಂದ ಬೇರೆ ಏಣಿ ತಂದು ಮತ್ತೆ ಹತ್ತಿದೆ. ಈ ಸಲ ವೆಂಕಟರಾವ್ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಹೊಸ ರಬ್ಬರಿಟ್ಟು ಗಾಜು ಕೂಡಿಸಿ ಸ್ಕ್ರೂ ಬಿಗಿ ಮಾಡಿದೆ. ಅವರು ಬ್ಯಾಟರಿ ಜೋಡಿಸಿ, ಒಳಗೆ ಹೋಗಿ ಸ್ವಿಚ್ ಹಾಕಿದರು. ಬಿಸಿಲಿಗೆ ದೀಪ ಹೊತ್ತಿದ್ದು ತಿಳಿಯುತ್ತಿರಲಿಲ್ಲ. ಅಂಗೈ ಅಡ್ಡ ಹಿಡಿದೆ. ಕೆಂಪು ಬೆಳಕು ಅಂಗೈಗೆ ಬಂದು ಹೋಯಿತು, ಬಂದು ಹೋಯಿತು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಮುಚ್ಚಿಡಬೇಕು ಅನ್ನಿಸಲಿಲ್ಲ. ಹೇಳಬೇಕು ಎಂದೂ ಅನ್ನಿಸಿರಲಿಲ್ಲ. ಅವ್ವ ಕೈಮುಗಿದು, “ನನ್ನ ಮಗ ನಿನ್ನ ಕಾಯಾಕತ್ಯಾನಪ್ಪಾ. ಅಬ್ಬೆತುಮಕೂರ ಮಠಕ್ಕ ಹೋಗಿ ಕಾಯಿ ಒಡಿಸ್ಕೊಂಡು ಬರೋಣು” ಎಂದು ಅಳತೊಡಗಿದಳು. ವೈನಿ ಒಲೆಯ ಮುಂದಿದ್ದವಳು ತಿರುಗಿ ಕೂತಳು. ಅಷ್ಟು ದಿನಗಳಲ್ಲಿ ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ದನಿ ಹ್ಯಾಂಗಿತ್ತು?” ಎಂದಳು.

“ದಿನಾ ಹ್ಯಾಂಗ ಇರ್ತಿತ್ತೋ ಹಂಗ ಇತ್ತು.”

“ನೀರ ಕುಡದವರ ದನಿ ಆಗಿತ್ತೇನು? ನಡುಗಾಕತ್ತಿತ್ತೇನು?”

“ಇಲ್ಲ ವೈನಿ. ಮನ್ಯಾಗ ಕರದಂಗ ಇತ್ತು.”

ಅವಳು ಹಂಚಿನ ಕಡೆ ತಿರುಗಿದಳು. ರೊಟ್ಟಿ ಸೀಯುವ ವಾಸನೆ ಬಂತು. “ನನ್ನ ಹೆಸರ ತಗೊಂಡ್ನೇನು?” ಎಂದಳು.

ಇಲ್ಲ ಎಂದೆ. ಅವಳು ಸೀದ ರೊಟ್ಟಿ ತೆಗೆದು ಬದಿಗಿಟ್ಟು ಇನ್ನೊಂದು ಬಡಿಯತೊಡಗಿದಳು.

ಮರುದಿನ ನಾನು ಸೈಕಲ್ ತೆಗೆಯುವಾಗ ವೈನಿ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನಿ. ಆ ಜಾಗಾ ತೋರ್ಸು” ಎಂದಳು. ಅವ್ವ ಬೇಡ ಎಂದಳು. ವೈನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಹಿಂದೆ ಕೂಡಿಸಿಕೊಂಡು ಹೋದೆ. ವೆಂಕಟರಾವ್‌ಗೆ ಯಾರೆಂದು ಹೇಳಿದೆ. ಅವರು ದೂರ ಸರಿದು ದಾರಿ ಬಿಟ್ಟರು. ವೈನಿ ವಿಮಾನದ ಬಾಲದ ಕೆಳಗೆ, ಏಣಿ ನಿಂತಿದ್ದ ಜಾಗದಲ್ಲೇ ಕೂತಳು. ನೆಲ ನೋಡುತ್ತಿದ್ದಳು. ಕೇಳಿಸಿಕೊಳ್ಳುವವರು ಕೂರುವ ಹಾಗೆ ಕೂತಿದ್ದಳು. ವೆಂಕಟರಾವ್ ತಮ್ಮ ಸ್ಟೀಲ್ ಲೋಟದಲ್ಲಿ ನೀರು ತಂದು ಅವಳ ಪಕ್ಕದಲ್ಲಿಟ್ಟು ಬಂದರು. ನೀರು ಹಾಗೇ ಇತ್ತು. ನಾನು ಗಿಡದ ಕೆಳಗೆ ಕೂತು ನನಗೂ ಏನಾದರೂ ಕೇಳುತ್ತದೋ ಎಂದು ನೋಡಿದೆ. ತಗಡು ಬಿಸಿಲಿಗೆ ಚಟಪಟ ಅನ್ನುತ್ತಿತ್ತು. ದೂರದಲ್ಲಿ ಎಲ್ಲೋ ಟ್ರ್ಯಾಕ್ಟರ್ ಓಡುತ್ತಿತ್ತು. ಬೇರೇನಿಲ್ಲ.

ಇಳಿಹೊತ್ತಿಗೆ ಪೈಲಟ್ ಬಂದ. ವಿಮಾನ ಅಂದೇ ಹೈದರಾಬಾದಿಗೆ ವಾಪಸು ಹೋಗುವುದಿತ್ತು. ನಾನು ಹೋಗಿ, “ಏಳು ವೈನಿ” ಎಂದೆ. ಎದ್ದಳು. ವೆಂಕಟರಾವ್ ಹತ್ತುವ ಮೊದಲು ಅವಳಿಗೆ ಕೈಮುಗಿದರು. ದೀಪ ಮಿಣುಕತೊಡಗಿತು, ವಿಮಾನ ಮಣ್ಣೆಬ್ಬಿಸಿಕೊಂಡು ಓಡಿ ಮೇಲೆದ್ದಿತು. ಯಾದಗಿರಿಯ ದಿಕ್ಕಿನಲ್ಲಿ ಆ ಕೆಂಪು ಚುಕ್ಕೆ ಬಹಳ ಹೊತ್ತು ಕಂಡಿತು. ವೈನಿ ಅದನ್ನು ನೋಡುತ್ತಲೇ ಹೇಳಿದಳು.

“ನೀ ಬೀಳೋದು ನಿಮ್ಮಣ್ಣಗ ಕಾಣಸ್ತು. ನಾ ಬಿದ್ದೀನಿ, ಅದು ಕಾಣಸ್ಲಿಲ್ಲೇನು?”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನಾನು ಸೈಕಲ್ ಸ್ಟ್ಯಾಂಡು ತೆಗೆದೆ.

ವೆಂಕಟರಾವ್ ಮತ್ತೆ ಎಲ್ಲೂ ಸಿಗಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಎಲ್ಲ ರೀತಿಯಿಂದ ಲೆಕ್ಕ ಹಾಕಿದ್ದೇನೆ. ಆ ಹೆಸರನ್ನು ನಾನೇ ಯಾವಾಗಲೋ ಅವರ ಮುಂದೆ ಆಡಿದ್ದೆನೇ? ಆಡಿದ ನೆನಪಿಲ್ಲ. ನನಗರಿವಿಲ್ಲದೆ ನಾನೇ ಏಣಿಯ ಮೇಲೆ ಅಂದುಕೊಂಡೆನೇ? ಬಾಯಲ್ಲಿ ಸ್ಕ್ರೂ ಇತ್ತು. ಗಾಳಿ ಏಳುವ ಮೊದಲು ಕಿವಿ ಹೀಗೆ ಮೋಸ ಮಾಡುವುದುಂಟು ಎಂದು ತಿಳಿದವರೊಬ್ಬರು ಹೇಳಿದರು. ಇರಬಹುದು. ಆದರೆ ಇಬ್ಬರ ಕಿವಿಗೂ ಒಂದೇ ಮೋಸವಾಯಿತೇ? ಅಣ್ಣನೇ ಬಂದಿದ್ದ ಎಂದು ಒಪ್ಪಿಕೊಂಡರೆ ನನ್ನ ಮಟ್ಟಿಗೆ ಎಲ್ಲ ಸುಲಭ. ಆದರೆ ಹಾಗೆ ಒಪ್ಪಿಕೊಂಡರೆ, ಹೆಂಡತಿ ಅಷ್ಟು ಹೊತ್ತು ಬಿಸಿಲಿನಲ್ಲಿ ಬಂದು ಕೂತಾಗ ಅವನು ಯಾಕೆ ಸುಮ್ಮನಿದ್ದ ಎನ್ನುವುದಕ್ಕೂ ನಾನೇ ಉತ್ತರ ಹುಡುಕಬೇಕು. ಅದು ನನ್ನಿಂದ ಆಗಿಲ್ಲ.