ನಾರಾವಿಯಲ್ಲಿ ತೆಗೆಯದ ರಕ್ತ

ಮನೆತನದಲ್ಲಿ ಹರಿದುಬರುವ ಸ್ನಾಯುರೋಗದ ಜೀನನ್ನು ಕಂಪ್ಯೂಟರಿನಲ್ಲಿ ಹುಡುಕುವುದು ನನ್ನ ಪಿಎಚ್‌ಡಿ. ಎರಡನೇ ಸಲ ರಕ್ತ ಬೇಕಾಗಿ ನಾರಾವಿಯ ರೋಗಿಯೊಬ್ಬರ ಮನೆಗೆ ಹೋದರೆ, ಅವರು ತೀರಿಕೊಂಡು ಹದಿನೈದು ದಿನವಾಗಿತ್ತು.

"ಇಷ್ಟು ದೂರ ಬಂದಿದ್ದೀರಿ, ನನ್ನದು ತೆಗೆಯಿರಿ" ಎಂದು ಅವರ ಹೆಂಡತಿ ಕೈ ಚಾಚಿದರು.

"ರಕ್ತಸಂಬಂಧಿಗಳದ್ದೇ ಆಗಬೇಕು" ಎಂದೆ. ಹಾಗೆ ಹೇಳಬಾರದಿತ್ತು.

ಆರನೇ ಕ್ಲಾಸಿನ ಮಗಳನ್ನು ಕರೆದು ನನ್ನೆದುರು ಕೂರಿಸಿದರು. ನಾನು ಸಿರಿಂಜ್ ಬಿಚ್ಚುವಾಗ ಕೇಳಿದರು: "ಇವಳಿಗೂ ಉಂಟಾ ಅಂತ ಯಾವಾಗ ಹೇಳ್ತೀರಿ?"

"ಹೇಳುವ ಹಾಗಿಲ್ಲಮ್ಮ, ನಿಯಮ ಉಂಟು. ಪ್ರಬಂಧದಲ್ಲಿ ಬರೆಯುತ್ತೇನೆ, ಹೆಸರಿಲ್ಲದೆ."

ಅವರು ಮಗಳ ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದು ಅವಳನ್ನು ಒಳಗೆ ಕಳಿಸಿದರು. ನಾನು ಸಿರಿಂಜನ್ನು ಚೀಲಕ್ಕೆ ಹಾಕಿದೆ.

"ಚಾ ಕುಡಿದು ಹೋಗಿ. ಸಕ್ಕರೆ ಎಷ್ಟು ಹಾಕಲಿ?"

ಅವರು ಕೇಳಿದ್ದರಲ್ಲಿ, ಉತ್ತರಿಸಲು ನನಗೆ ಅನುಮತಿ ಇದ್ದದ್ದು ಅದೊಂದಕ್ಕೆ ಮಾತ್ರ.