ಅತ್ತೆಗೆ ಹಚ್ಚಿದ ಬತ್ತಿ

ಆಗೆಲ್ಲ ನರಕ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ನಾನು ಪೀಣ್ಯದ ನಮ್ಮ ವಠಾರದ ಹಿಂದಿನ ರಸ್ತೆಗೆ ಕೈ ತೋರಿಸುತ್ತಿದ್ದೆ. ಕಬ್ಬಿಣದ ಬಿಡಿಭಾಗಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವ ಫರ್ನೇಸ್‌ನಲ್ಲಿ ಅಪ್ಪ ಕೆಲಸಕ್ಕಿದ್ದ. ಊಟದ ಡಬ್ಬಿ ಕೊಡಲು ಹೋದಾಗೊಮ್ಮೆ ಅದರ ಬಾಗಿಲು ತೆರೆದದ್ದು ನೋಡಿ, ರೆಪ್ಪೆ ಸುಟ್ಟಂತಾಗಿ ಓಡಿಬಂದಿದ್ದೆ. ಆ ಕಡೆ ಬೆಳೆದವರಿಗೆ ಸುಟ್ಟ ಎಣ್ಣೆಯ ವಾಸನೆ ಹೇಳಿಕೊಡಬೇಕಿಲ್ಲ. ಅಪ್ಪನ ಅಂಗಿ, ತಲೆದಿಂಬು, ನಮ್ಮ ಅನ್ನ, ಎಲ್ಲದರಲ್ಲೂ ಅದೇ.

ಭಾನುವಾರ ಜ್ಞಾನೋಪದೇಶದ ಕ್ಲಾಸ್ ಮುಗಿಸಿ ನಾವು ಹುಡುಗಿಯರು ಚರ್ಚಿನಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಕೊನೆಯ ಮನೆ ಸ್ವರ್ಗ; ಗೆರೆ ತುಳಿದವಳು ನರಕಕ್ಕೆ. ಮನೆಗೆ ಬಂದರೆ ಹಂದಿ ಸಾರಿನ ಘಮ, ಅದರ ಹಿಂದೆಯೇ ಅಪ್ಪನ ಬೆಲ್ಟು. ಸೊಂಟದ್ದಲ್ಲ, ಮಷಿನ್ನಿನದು. ಸವೆದು ಬಿಸಾಡಿದ್ದನ್ನು ತಂದು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ. ಒಂದು ಸಲ ಅಮ್ಮನ ಕಿವಿ ಹರಿದು ಓಲೆ ಸಾರಿನ ಪಾತ್ರೆಗೇ ಬಿತ್ತು. ಅಪ್ಪ ಅದೇ ಸಾರು ಬಡಿಸಿಕೊಂಡು ಉಂಡ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಕುಡಿದು ರಸ್ತೆ ದಾಟುತ್ತಿದ್ದ ಅಪ್ಪ ಲಾರಿ ಕೆಳಗೆ ಹೋದ. ಪಾದ್ರಿಯ ಮುಂದೆ ಪಾಪನಿವೇದನೆಗೂ ಪುರಸೊತ್ತು ಸಿಗಲಿಲ್ಲ. ಅವನು ಹೋದದ್ದೆಲ್ಲಿಗೆ ಎಂಬುದೇ ಆ ಮಳೆಗಾಲವಿಡೀ ಮನೆಯಲ್ಲಿ ಜಗಳ.

"ನೆಟ್ಟಗೆ ನರಕಕ್ಕೆ," ಅಂದಳು ಅಮ್ಮ.

"ಅಂಗನ್ಬ್ಯಾಡ ಕಣಮ್ಮಿ. ಅಲ್ಲಿಗೋದ್ರೆ ವಾಪಸ್ ಬರಂಗಿಲ್ಲ," ಎಂದು ಅಪ್ಪನ ತಾಯಿ, ನನ್ನ ಅಜ್ಜಿ, ಜಪಸರ ಹಿಡಿದು ಅಳುತ್ತಿದ್ದಳು. "ಶುದ್ಧೀಕರಣದ ಬೆಂಕೀಲವ್ನೆ. ನಾವು ಬೇಡ್ಕಂಡ್ರೆ ಮೇಲಕ್ಕೋಯ್ತಾನೆ."

"ಅಲ್ಲೂ ಬೆಂಕಿನೇ ಅಲ್ವಾ ಅತ್ತೆ? ಇರ್ಲಿ ಬಿಡಿ, ಅಭ್ಯಾಸ ಇದೆ."

ಅಪ್ಪ ಎಲ್ಲಿದ್ದಾನೆ ಎಂದು ನಾನು ಜ್ಞಾನೋಪದೇಶದ ಸಿಸ್ಟರ್ ಅವರನ್ನು ಕೇಳಿದೆ. "ಇಂಥವರು ನರಕದಲ್ಲಿದ್ದಾರೆ ಅಂತ ಧರ್ಮಸಭೆ ಇವತ್ತಿನವರೆಗೂ ಯಾರ ಹೆಸರೂ ಹೇಳಿಲ್ಲ ಮಗು," ಅಂದರು. ನನಗೆ ಸಮಾಧಾನವಾಗಲಿಲ್ಲ.

ನವೆಂಬರ್‌ನ ಸತ್ತವರ ಹಬ್ಬಕ್ಕೆ ಸಮಾಧಿಗೆ ಸುಣ್ಣ ಬಳಿದು, ಚೆಂಡುಹೂ ಇಟ್ಟು ಮೇಣದಬತ್ತಿ ಹಚ್ಚುತ್ತೇವೆ. ನಮ್ಮ ಮನೆಯಲ್ಲಿ ಮೊದಲ ಬತ್ತಿ ಹೆಂಡತಿಯದು. ಏಟು ತಿಂದವಳೇ ಹಚ್ಚದಿದ್ದರೆ ಮಗ ಬೆಂಕಿಯಿಂದ ಏಳುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ಆ ವರ್ಷ ಅಮ್ಮ ಬಂದಳು. ಕೈಕಟ್ಟಿ ನಿಂತಳು.

ಅಪ್ಪನ ತಮ್ಮ ಚೌರಪ್ಪ ಬೆಳಿಗ್ಗೆಯೇ ಕುಡಿದಿದ್ದ. ಅಪ್ಪನದೇ ಎತ್ತರ, ಅಪ್ಪನದೇ ಗಂಟಲು. ಅಮ್ಮನ ಜುಟ್ಟು ಹಿಡಿದ.

"ಹಚ್ಚೇ! ನಮ್ಮಣ್ಣ ಅಲ್ಲಿ ಬೇಯ್ತಾವ್ನೆ!"

"ನಾನಿಲ್ಲಿ ಬೆಂದಾಗ ನೀನೆಲ್ಲಿದ್ದೆ?"

ಅವಳ ಹಣೆಯನ್ನು ಪಕ್ಕದ ಸಮಾಧಿಯ ಕಲ್ಲಿಗೆ ಬಡಿದ. ಹೊಸ ಸುಣ್ಣದ ಮೇಲೆ ರಕ್ತ ಹರಿಯಿತು. ಅವಳ ಬೆರಳು ಹಿಡಿದು ಆ ಸಮಾಧಿಯ ಮೇಲೆ ಉರಿಯುತ್ತಿದ್ದ ಬತ್ತಿಗೆ ಒತ್ತಿದ, ಚರ್ಮ ಚುರುಗುಟ್ಟಿತು. ನಾನು ಅವನ ತೋಳು ಕಚ್ಚಿದೆ. ಹೊಟ್ಟೆಗೆ ಒದ್ದ.

ಅಷ್ಟರಲ್ಲಿ ಅವನೇ ಮಂಡಿಯೂರಿ ಬಿದ್ದ. ಕಳೆ ಕೀಳಲು ತಂದಿದ್ದ ಗುದ್ದಲಿಯ ಮರದ ಕಾವಿನಿಂದ ಅಜ್ಜಿ ಬೀಸಿದ್ದಳು. ಮತ್ತೆ ಬೀಸಿದಳು, ಬೆನ್ನಿಗೆ, ಭುಜಕ್ಕೆ.

"ಒಬ್ಬ ಮಗನ್ನ ಎತ್ತು ಬೆಂಕಿಗೆ ಕಳಿಸಿವ್ನಿ ಕಣೋ! ನೀನೂ ಓಗ್ತೀಯಾ? ಓಗು! ನಿಂಗ್ಯಾರ್ಲಾ ಹಚ್ಚೋರು?"

ಅವನು ತೆವಳಿಕೊಂಡು ದೂರ ಹೋದ ಮೇಲೆ ಅಜ್ಜಿ ಸಮಾಧಿಯ ಮೇಲೆಯೇ ಕುಸಿದಳು. ಅಮ್ಮ ಸೆರಗಿನಿಂದ ಹಣೆ ಒತ್ತಿಕೊಂಡು, ಸುಟ್ಟ ಕೈಯಲ್ಲೇ ಅವಳನ್ನು ಎತ್ತಿದಳು. "ಏಳಿ ಅತ್ತೆ, ಮನೆಗೆ ಹೋಗಣ." ಬತ್ತಿ ಹಚ್ಚಲಿಲ್ಲ. ಅಜ್ಜಿ ಮತ್ತೆಂದೂ ಕೇಳಲಿಲ್ಲ. ಮನೆಗೆ ಬಂದವಳೇ ಮೊಳೆಯಲ್ಲಿದ್ದ ಬೆಲ್ಟು ಕಿತ್ತು ನೀರೊಲೆಗೆ ತುರುಕಿದಳು. ವಠಾರದವರೆಲ್ಲ ಕೆಮ್ಮಿದರು.

ಆ ಸುಟ್ಟ ಬೆರಳುಗಳಿಂದಲೇ ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿದು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಹೇಳಿಕೊಳ್ಳಲು ಸಂಕೋಚವಿಲ್ಲ. ವಠಾರ ಈಗ ಗೋದಾಮು. ಚರ್ಚಿನಂಗಳಕ್ಕೆ ಕಲ್ಲು ಹಾಸಿದ್ದಾರೆ. ಕುಂಟೆಬಿಲ್ಲೆಯ ಗೆರೆ ಎಳೆಯಲು ಮಣ್ಣಿಲ್ಲ. ನರಕಕ್ಕೆ ಕೈ ತೋರಿಸುವ ಆ ಧೈರ್ಯವೂ ನನ್ನಲ್ಲಿ ಉಳಿದಿಲ್ಲ. ಅಜ್ಜಿ ತೀರಿಕೊಂಡಾಗ ಸ್ಮಶಾನದಲ್ಲಿ ಹೊಸ ಜಾಗವಿರಲಿಲ್ಲ. ಅಪ್ಪನ ಗುಂಡಿಯನ್ನೇ ತೆಗೆದು ಅವಳನ್ನು ಮೇಲೆ ಮಲಗಿಸಿದೆವು.

ಈಗ ಪ್ರತಿ ನವೆಂಬರ್ ಮೊದಲ ಬತ್ತಿ ಅಮ್ಮನೇ ಹಚ್ಚುತ್ತಾಳೆ.

"ಅಪ್ಪನೂ ಅಲ್ಲೇ ಇದ್ದಾನಲ್ಲಮ್ಮ," ಅಂದೆ ಹೋದ ವರ್ಷ.

ಗಾಳಿಗೆ ಆರದಂತೆ ಕಲೆಬಿದ್ದ ಬೆರಳುಗಳನ್ನು ಅಡ್ಡ ಹಿಡಿದಳು. "ನಾನು ಹಚ್ಚಿದ್ದು ಅತ್ತೆಗೆ ಕಣೇ. ಬೆಳಕು ಕೆಳಗೂ ಇಳಿದ್ರೆ ನಾನೇನ್ ಮಾಡ್ಲಿ?"