ತವರಿನ ಸೀರೆ ಹೊತ್ತು ಗುಡ್ಡ ದಾಟಿದ ದಿನ

ಕಿರ್, ಕಿರ್... ಎಣ್ಣೆ ಕಾಣದ, ಕಾಲಿನ ತೊಗಲು ಕೆರಗಳ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬೆಳಕು ಹರಿಯುವ ಮುಂಚೆ ಮಲ್ಲಟದ ನಮ್ಮ ಓಣಿಯುದ್ದಕ್ಕೂ ಬಂದ ಸದ್ದು ನಮ್ಮ ಬಾಗಿಲ ಮುಂದೆ ನಿಂತಿತು.

"ಯವ್ವಾ, ನಾ ಒಳಗ ಬರಂಗಿಲ್ರಿ" ಅಂದ ಹೊರಗಿನವನು.

ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟುವುದಿಲ್ಲ. ಅವ್ವನಿಗೆ ಅಷ್ಟು ಸಾಕಾಯಿತು. ಯಾರು ಅಂತ ಕೇಳಲಿಲ್ಲ. "ಯಾವಾಗ?" ಅಂದಳು.

"ನಿನ್ನಿ ದೀಪ ಹಚ್ಚೂ ಹೊತ್ತಿಗಿ. ನಿಮ್ಮ ಮಗಳಿಗಿ ಹೊಟ್ಟಿ ನೋವು ಬಂತಂತರಿ. ಇವತ್ತ ಹೊತ್ತು ಮುಣಗೂದ್ರೊಳಗ ಮಣ್ಣು ಮಾಡ್ತೀವಿ ಅಂದಾರ."

ಇಷ್ಟು ಹೇಳಿ, ಮಾನ್ವಿಯ ಬೀಗರಿಗೂ ತಿಳಿಸಬೇಕೆಂದು ಅವನು ಹೊರಟೇಹೋದ. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ನಾನು ರಾಯಚೂರಿನ ಕಾನ್ವೆಂಟಿನ ಬೋರ್ಡಿಂಗಿನಿಂದ ಸಮ್ಮರ್ ಹಾಲಿಡೇಸಿಗೆ ಊರಿಗೆ ಬಂದಿದ್ದೆ. ಅಪ್ಪ ತೀರಿಕೊಂಡ ವರ್ಷ ಅವ್ವ ಇಬ್ಬರು ಹೆಣ್ಣುಮಕ್ಕಳನ್ನೂ ಒಂದೊಂದು ದಡ ಸೇರಿಸಿದ್ದಳು: ನನ್ನನ್ನು ಸಿಸ್ಟರುಗಳ ಕೈಗೆ, ಅಕ್ಕನನ್ನು ದೇವದುರ್ಗದ ಕಡೆಯ ಗುಡ್ಡದೂರಿನ ಒಂದು ಮನೆಗೆ. ಹಿಂದಿನ ಪಂಚಮಿಗೆ ಬಂದಾಗ ಅಕ್ಕನ ಬೆನ್ನ ಮೇಲೆ ಬಾಸುಂಡೆಗಳಿದ್ದವು. ಅವ್ವ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ, ಮತ್ತೆ ಕಳಿಸಿದ್ದಳು.

ಈಗ ಟ್ರಂಕಿನಿಂದ ಹಸಿರು ಸೀರೆ ತೆಗೆದಳು. ಬರುವ ಪಂಚಮಿಗೆ ಅಕ್ಕನಿಗೇ ಅಂತ ತಂದಿಟ್ಟದ್ದು. ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನವರು ಬಂದು ನೀರು ಹಾಕಿ, ತವರಿನ ಸೀರೆ ಉಡಿಸದ ಹೊರತು ಹೆಣ ಎತ್ತುವಂತಿಲ್ಲ. ಆದರೆ ಬೇಸಿಗೆಯಲ್ಲಿ ಹೆಣ ಕಾಯುವುದಿಲ್ಲ, ಕಾಯಲಾಗಲಿಲ್ಲ ಅಂತ ಹೇಳಿದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಅದು ಅವ್ವನಿಗೂ ಗೊತ್ತಿತ್ತು, ಅಕ್ಕನ ಮನೆಯವರಿಗೂ ಗೊತ್ತಿತ್ತು.

"ನನ್ನ ಕೈಲೆ ನಾ ಮೈ ತೊಳಿಬೇಕು" ಅಂದಳು ಅವ್ವ, ನನ್ನ ಸೋದರಮಾವನಿಗೆ. "ಕಣ್ಣಲೆ ನೋಡಬೇಕು ನಾನು."

ಬಸ್ಸು ಮಾನ್ವಿಯಿಂದ ಬರಬೇಕು, ಅದು ಮಧ್ಯಾಹ್ನದ ಮೇಲೆ, ಅದೂ ಬಂದರೆ. ರಸ್ತೆ ಸುತ್ತಿಕೊಂಡು ಹೋಗುತ್ತದೆ. ಹೀಗಾಗಿ ನಾವು ಮೂವರು ನೆಟ್ಟಗೆ ಗುಡ್ಡದ ಕಡೆ ಮುಖ ಮಾಡಿದೆವು.

ಮೊದಲು ಎರೆಹೊಲ. ಕಾಲು ತೂರುವಷ್ಟು ಬಾಯಿಬಿಟ್ಟ ಕರಿನೆಲ, ನಡುವೆ ಜೋಳದ ಕೂಳೆಗಳು. ಆಮೇಲೆ ಕೆಂಪು ಮರಡಿ. ಆಮೇಲೆ ಬರೀ ಕಲ್ಲು. ಆನೆಯಂಥ ಗುಂಡುಗಳು ಒಂದರ ಮೇಲೊಂದು ಕೂತ ಗುಡ್ಡಗಳು, ನಡುವೆ ಆಳವಾದ ಕೊಳ್ಳ, ಕೊಳ್ಳದ ತಳದಲ್ಲಿ ಒಣಗಿದ ಹಳ್ಳ. ನಮ್ಮ ಜಿಯಾಗ್ರಫಿ ಪುಸ್ತಕದಲ್ಲಿ ಅಮೆರಿಕದ ಕ್ಯಾನ್ಯನ್ ಚಿತ್ರವೊಂದಿತ್ತು, ಒಬ್ಬ ಸಾಹೇಬ ಕತ್ತೆಯ ಮೇಲೆ ಕೂತದ್ದು. ಬ್ಯೂಟಿಫುಲ್ ಅಂತ ಸಿಸ್ಟರ್ ಹೇಳಿಕೊಟ್ಟಿದ್ದರು. ಇಲ್ಲಿ ಬಂಡೆಗಳ ಕಾವು ಮುಖಕ್ಕೆ ಒಲೆಯ ಹಾಗೆ ಹೊಡೆಯುತ್ತಿತ್ತು. ನೆರಳು ಅಂದರೆ ಜಾಲಿಮುಳ್ಳಿನ ನೆರಳು.

ನನ್ನ ಬಿಳಿ ಕ್ಯಾನ್ವಾಸ್ ಶೂ ನೋಡಿ ಮಾವ ಅಂದ: "ಏನ್ಬೇ ಮೇಡಮ್ಮಾ, ನಿಮ್ಮ ಕಾನ್ವೆಂಟಿನ್ಯಾಗ ಲೆಫ್ಟ್-ರೈಟ್ ಕಲಿಸ್ಯಾರ, ಗುಡ್ಡ ಹತ್ತೂದು ಕಲಿಸಿಲ್ಲೇನು?"

"ನಿನಗ ಅಷ್ಟರ ಬರತದೇನ್ ಮಾವ? ಆವಾಗಿಂದ ನೀನೇ ಹಿಂದ ಬೀಳಾಕತ್ತಿ."

"ನಾ ಹಿಂದ ಇರೂದು ನೀ ಬಿದ್ರ ಹಿಡಿಯಾಕ."

ಅವ್ವ ತಿರುಗಿ ನೋಡಲಿಲ್ಲ. ಸೀರೆಯ ಗಂಟನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಮುಂದೆ ನಡೆಯುತ್ತಿದ್ದಳು. ಕೂರೋಣ ಅಂದರೆ ಕೂರಲಿಲ್ಲ. ಬುತ್ತಿ ಬಿಚ್ಚಿದರೆ, ನೀವು ಉಣ್ಣಿರಿ ಅಂದಳು. ಅವಳು ನಿಂತೇ ಇದ್ದುದರಿಂದ ನಾವೂ ಬುತ್ತಿ ಕಟ್ಟಿಕೊಂಡು ಎದ್ದೆವು. ಮಾವನ ತಮಾಷೆಯೂ ಅಲ್ಲಿಗೆ ಮುಗಿಯಿತು. ಹೊತ್ತು ನೆತ್ತಿಯಿಂದ ಜಾರತೊಡಗಿದಾಗ ಅವ್ವನ ಹೆಜ್ಜೆ ಓಟವಾಯಿತು. ಅವಳ ಹಿಮ್ಮಡಿಯಿಂದ ಕಲ್ಲಿನ ಮೇಲೆ ರಕ್ತ ಹತ್ತುವುದನ್ನು ನಾನು ನೋಡಿದೆ, ಹೇಳಲಿಲ್ಲ. ಹೇಳಿ ಏನು ಯೂಸ್?

ಕೊನೆಯ ಕೊಳ್ಳದಲ್ಲಿ ಒಬ್ಬ ಕುರಿಗಾರ ಹೆಂಗಸು ಹಳ್ಳದ ಉಸುಕು ತೋಡಿ ಕುರಿಗಳಿಗೆ ನೀರು ಮೊಗೆಯುತ್ತಿದ್ದಳು. ನಮ್ಮನ್ನು ಕಂಡು ಕುರಿಗಳನ್ನು ಬದಿಗೆ ಸರಿಸಿ, ತಂಬಿಗೆಯನ್ನು ಅವ್ವನ ಕೈಗೆ ಕೊಟ್ಟಳು. ಅವ್ವನ ಮಗ್ಗುಲಿನ ಗಂಟು ನೋಡಿದಳು.

"ತವರಿನವರೇನು?"

"ಹೂಂ."

"ಕುಡದು ಲಗೂನ ನಡೀರಿ ಯವ್ವಾ. ಕುಣಿ ತೋಡಿದ್ದು ಮುಂಜೇಲೇನ ಆಗ್ಯಾದ. ಭಾಳ ಅವಸರದಾಗ ಅದಾರ ಅವರು."

ಊರು ಮುಟ್ಟಿದಾಗ ಹೊತ್ತು ಗುಡ್ಡದ ಅಂಚಿಗೆ ಬಂದಿತ್ತು. ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದರು. ಅಕ್ಕನನ್ನು ಗೋಡೆಗೆ ಆನಿಸಿ ಕೂರಿಸಿ, ಕೊರಳತನಕ ಕೌದಿ ಸುತ್ತಿದ್ದರು. ನಾಲ್ಕು ಮಂದಿ ಎತ್ತಲು ಬಾಗಿದ್ದರು.

"ನಿಲ್ರಿ" ಅಂದಳು ಅವ್ವ. ದನಿ ದೊಡ್ಡದೇನಲ್ಲ. ಹಲಗೆ ನಿಂತಿತು.

"ನಾವ ತೊಳದೀವಿ. ಇನ್ನೇನು ತೊಳೀತಿ?" ಅಂದಳು ಅಕ್ಕನ ಅತ್ತೆ. "ಹೆಣ ತಡಿಯಂಗಿಲ್ಲ."

"ತವರಿನ ನೀರು ಬಿದ್ದಿಲ್ಲ."

ಊರ ಹಿರಿಯನೊಬ್ಬ ಕಟ್ಟೆಯಿಂದಲೇ ಅಂದ: "ಸೀರಿ ತಂದಾಳ. ಬಂದಮ್ಯಾಲ ಇಲ್ಲ ಅನ್ನಾಕ ಬರಂಗಿಲ್ಲ. ಆಕಿ ಕೆಲಸ ಆಕಿ ಮಾಡ್ಲಿ."

ಅಕ್ಕನನ್ನು ಪಡಸಾಲೆಗೆ ಒಯ್ದರು. ಲಗ್ನವಾಗದ ಹುಡುಗಿ ಅಂತ ನನ್ನನ್ನು ಹೊರಗೆ ನಿಲ್ಲಿಸಿದರು. ಬಾಗಿಲು ಮುಚ್ಚಿತು. ಒಳಗೆ ನೀರು ಸುರಿಯುವುದು ಕೇಳಿತು. ಅವ್ವ ಅಳುವುದು ಕೇಳಲಿಲ್ಲ. ಭಾವ ಕಂಬ ಹಿಡಿದು ನೆಲ ನೋಡುತ್ತಿದ್ದ.

ಬಾಗಿಲು ತೆಗೆದಾಗ ಹಸಿರು ಸೀರೆಯ ಸೆರಗನ್ನು ಅವ್ವ ಅಕ್ಕನ ಗದ್ದದತನಕ ಬಿಗಿಯಾಗಿ ಸುತ್ತಿದ್ದಳು. ಎಲ್ಲೂ ಚೂರೂ ಕೊರಳು ಕಾಣುತ್ತಿರಲಿಲ್ಲ. ಅವ್ವ ಯಾರನ್ನೂ ಬೈಯಲಿಲ್ಲ. ಯಾರದೋ ಕಂಕುಳಲ್ಲಿ ಅಳುತ್ತಿದ್ದ ಅಕ್ಕನ ಮಗಳನ್ನು, ಇನ್ನೂ ಹಾಲು ಬಿಡದ ಕೂಸನ್ನು, ಕಿತ್ತುಕೊಂಡು ತನ್ನ ಕಂಕುಳಿಗೆ ಹಾಕಿಕೊಂಡಳು.

"ಕೂಸು ನನ್ನ ಕೂಡ ಬರತದ."

"ಅದು ನಮ್ಮ ಮನಿ ಕೂಸು! ಕೊಡಂಗಿಲ್ಲ" ಅಂದಳು ಅತ್ತೆ.

"ಹಂಗಾರ ಈಗೇ ಮಗಳ ಕೊರಳಿನ ಸೆರಗು ಬಿಚ್ಚತೀನಿ. ಊರೆಲ್ಲಾ ನೋಡ್ಲಿ."

ಅಂಗಳದಲ್ಲಿ ಅಷ್ಟು ಜನ. ಎಲ್ಲರ ಕಣ್ಣೂ ಆ ಸೆರಗಿನ ಕಡೆ ತಿರುಗಿದವು. ಮಾವ ಮುಷ್ಟಿ ಬಿಗಿದು ಒಂದು ಹೆಜ್ಜೆ ಮುಂದೆ ಬಂದ. ಅವ್ವ ಅವನ ಎದೆಗೆ ಅಂಗೈ ಇಟ್ಟು ತಡೆದಳು. ಭಾವ ತಲೆ ಎತ್ತದೆ ಅಂದ: "ಒಯ್ಯಲಿ ಬಿಡು."

ಆ ಕೂಸು ನಮ್ಮ ಮನೆಯಲ್ಲಿ ಬೆಳೆಯಿತು, ನಾನು ಓದಿದ ಅದೇ ಕಾನ್ವೆಂಟಿಗೂ ಹೋಯಿತು. ಒಳಗೆ ಏನು ಕಂಡಳೆಂದು ಅವ್ವ ಅವಳಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಪೊಲೀಸರ ಹತ್ತಿರ ಹೋಗಬಹುದಿತ್ತಲ್ಲ ಅಂತ ಕಾಲೇಜು ಮುಗಿಸಿದ ಮೇಲೆ ನಾನೊಮ್ಮೆ ಕೇಳಿದೆ. "ಹೋಗಿದ್ರ ಹುಡಿಗಿ ಸಿಗತಿದ್ದಿಲ್ಲ" ಅಂದಳು, ಅಷ್ಟೇ.

ಹೆಂಗಸರು ಕುಣಿಯತನಕ ಹೋಗುವುದಿಲ್ಲ. ನಾನು ಅಂಗಳದ ಬಾಗಿಲಲ್ಲಿ ನಿಂತು ನೋಡಿದೆ. ಕೂತ ಹಾಗೆಯೇ ಅಕ್ಕನನ್ನು ಹೊತ್ತು ನಡೆದರು. ಓಣಿ ತಗ್ಗುದಿಣ್ಣೆ, ಹೊತ್ತವರ ಹೆಜ್ಜೆ ಒಂದೇ ಸಮ ಬೀಳುತ್ತಿರಲಿಲ್ಲ. ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಅವಳ ತಲೆ ಆ ಕಡೆ ಈ ಕಡೆ ವಾಲುತ್ತಿತ್ತು. ಯಾರೋ ಹಿಂದಿನಿಂದ ಕೈ ಚಾಚಿ ಅದನ್ನು ನೆಟ್ಟಗೆ ಮಾಡಿದರು. ಆಮೇಲೆ ಅವರು ಓಣಿಯ ಕೊನೆಯ ಗೋಡೆ ಬಳಸಿ ಮರೆಯಾದರು.